ರಟ್ಟಿನ ಬೀರುವಿಗೆ ನಕ್ಕವರು ಉಕ್ಕಿನ ಬೀರುವಿಗೂ ನಗುತ್ತಾರೆಯೇ? ವಿದ್ಯಾರ್ಥಿಗಳ ಅಸಂಬದ್ಧ ಹಾಸ್ಯಚಿತ್ರಗಳ ಸೊಗಸಿನ ಕುರಿತು

ಮೂರನೇ ಟೇಕ್:
ನಮ್ಮ ಕಾಲೇಜಿನ ಚಿತ್ರತಂಡದಲ್ಲಿ ಎದ್ದಿರುವ ಒಂದು ತಕರಾರನ್ನು ಇಲ್ಲಿ ಮುಂದಿಡುತ್ತಿದ್ದೇನೆ. ನಾವು ಒಂದು ಕಿರು ಹಾಸ್ಯಚಿತ್ರ ಮಾಡಿದ್ದೇವೆ. ಕಚೇರಿಯೊಂದರ ಗುಮಾಸ್ತರ ಹುದ್ದೆಗೆ ಒಂದು ಬೀರು ಅರ್ಜಿ ಹಾಕಿ ಸಂದರ್ಶನಕ್ಕೆ ಬರುತ್ತದೆ. ಮೂವರು ಸಂದರ್ಶಕರು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಾರೆ, ಬೀರು ನಿಂತಲ್ಲೇ ನಿಂತಿರುತ್ತದೆ, ಅದು ಯಾವ ಪ್ರಶ್ನೆಗೂ ತಪ್ಪು ಉತ್ತರ ಕೊಟ್ಟಿಲ್ಲವೆಂಬ ಕಾರಣಕ್ಕೆ ಕೊನೆಗೆ ಕೆಲಸ ಅದಕ್ಕೇ ಸಿಗುತ್ತದೆ. ಅದರ ಜೊತೆ ಸಂದರ್ಶನಕ್ಕೆ ಬಂದಿದ್ದ ಇನ್ನೊಬ್ಬ ಅಭ್ಯರ್ಥಿ ಮೇಲಧಿಕಾರಿಗಳಿಗೆ ದೂರು ಬರೆಯುತ್ತಾನೆ. ಕಥೆ ಇಷ್ಟೇ.

ನಿಜವಾದ ಬೀರುವನ್ನು ಮಹಡಿ ಹತ್ತಿಸಲು ಸಾಧ್ಯವಿರಲಿಲ್ಲವಾದ್ದರಿಂದ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ, ಅಂಟಿಸಿ, ಬೂದು ಬಣ್ಣ ಬಳಿದು ಒಂದು ಬೀರು ತಯಾರಿಸಿದೆವು. ಸಂದರ್ಶನ ನಡೆಯುತ್ತಿರುವಾಗ ಫ್ಯಾನಿನ ಗಾಳಿಗೆ ಅದರ ಬಾಗಿಲು ಮೆಲ್ಲಗೆ ಬಾಗಿ ತೆರೆದುಕೊಳ್ಳತೊಡಗುತ್ತದೆ. ಎಡಗಡೆ ಕುಳಿತ ಸಂದರ್ಶಕಿ ಕೈಯಲ್ಲಿರುವ ಕಡತದಿಂದ ಕಣ್ಣೆತ್ತದೆ, ಎಡಗೈ ಚಾಚಿ ಬಾಗಿಲನ್ನು ಒತ್ತಿ ಹಿಡಿದು, “ಹಿಂದಿನ ಕೆಲಸವನ್ನು ಏಕೆ ಬಿಟ್ಟಿರಿ?” ಎಂದು ಕೇಳುತ್ತಾಳೆ. ಇದು ಚಿತ್ರಕಥೆಯಲ್ಲಿ ಇರಲಿಲ್ಲ. ನಟಿ ಆ ಕ್ಷಣಕ್ಕೆ ತೋಚಿದ್ದನ್ನು ಮಾಡಿದಳು. ಪ್ರದರ್ಶನದಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ಬಂದದ್ದು ಇದಕ್ಕೇ.

ಈಗ ಒಳ್ಳೆಯ ಕ್ಯಾಮೆರಾ, ಲೈಟುಗಳು ಮತ್ತು ನಿಜವಾದ ಉಕ್ಕಿನ ಬೀರು ದೊರೆಯುವ ಹಾಗಿದೆ. ತಂಡದ ಅರ್ಧದಷ್ಟು ಜನ ಇಡೀ ಚಿತ್ರವನ್ನು ರೀಶೂಟ್ ಮಾಡೋಣ ಎನ್ನುತ್ತಿದ್ದಾರೆ, ಉಳಿದವರು ಮುಟ್ಟಲೇಬಾರದು ಎನ್ನುತ್ತಿದ್ದಾರೆ. ಕಾಸಿಲ್ಲದೆ ಮಾಡಿದ ಇಂತಹ ಚಿತ್ರಗಳ ಸೊಗಸು ನಿಜವಾಗಿ ಇರುವುದು ಎಲ್ಲಿ? ರಟ್ಟಿನಲ್ಲಿಯೇ?

ಸಂಕಲನ ಮೇಜು:
ರೀಶೂಟ್ ಮಾಡಬೇಡಿ. ಆದರೆ ನಿಮ್ಮಲ್ಲಿ ಮುಟ್ಟಬಾರದು ಎನ್ನುತ್ತಿರುವವರು ಸರಿಯಾದ ಕಾರಣಕ್ಕೆ ಹಾಗೆ ಹೇಳುತ್ತಿದ್ದಾರೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಿ. ನೀವು ವರ್ಣಿಸಿದ ಶಾಟ್‌ನಲ್ಲಿ ನಗು ಬರುವುದು ಬಾಗಿಲು ಬಾಗಿದಾಗ ಅಲ್ಲವೆಂದು ನನ್ನ ಊಹೆ. ಬಾಗಿಲು ಬಾಗಿದಾಗ ಪ್ರೇಕ್ಷಕರಿಗೆ ಸಣ್ಣದೊಂದು ಆತಂಕ ಹುಟ್ಟುತ್ತದೆ: ಈಗ ಇವರು ಶಾಟ್ ನಿಲ್ಲಿಸುತ್ತಾರೆ, ಯಾರೋ ನಕ್ಕುಬಿಡುತ್ತಾರೆ, ಎಲ್ಲವೂ ಕುಸಿಯುತ್ತದೆ ಎಂದು. ಆ ಹುಡುಗಿ ಕಡತದಿಂದ ಕಣ್ಣು ತೆಗೆಯದೆ ಕೈ ಚಾಚಿದ್ದರಿಂದ ಕುಸಿಯಬೇಕಾದದ್ದು ಕುಸಿಯಲಿಲ್ಲ. ಸಂದರ್ಶನ ಎಂಬ ಗಂಭೀರ ವ್ಯವಹಾರ ಉಳಿದುಕೊಂಡಿತು. ಬೀರು ಬೀರುವೇ ಆಗಿ ಉಳಿಯಲೆಂದು ಒಬ್ಬಳು ತನ್ನ ಕೈಯನ್ನೇ ಚಾಚಿದ್ದನ್ನು ನೋಡುವುದರಲ್ಲಿ ಸೊಗಸಿದೆ.

ಸಂಕಲನದಲ್ಲಿ ಒಂದು ಮಾತು: ಬಾಗಿಲಿನ ಮೇಲೆ ಕ್ಲೋಸ್-ಅಪ್ ಹಾಕಿದ್ದರೆ ದಯವಿಟ್ಟು ತೆಗೆದುಬಿಡಿ. ಮೂವರು ಸಂದರ್ಶಕರೂ ಬೀರುವೂ ಒಟ್ಟಿಗೆ ಕಾಣುವ ಅಗಲವಾದ ಶಾಟ್‌ನಲ್ಲಿಯೇ ಅದು ನಡೆಯಬೇಕು, ಮತ್ತು ಉಳಿದ ಇಬ್ಬರು ಅದನ್ನು ಗಮನಿಸದೆ ಕುಳಿತಿರುವುದು ಕಾಣಬೇಕು.

ಹಿಂದಿನ ಸಾಲು:
ನಾನು ಒಪ್ಪುವುದಿಲ್ಲ. ಇಂತಹ ಚಿತ್ರಗಳ ಸೊಗಸಿನ ಬಗ್ಗೆ ನಾವು ಮಾತನಾಡುವಾಗ ಒಂದು ದೊಡ್ಡ ವಿಷಯವನ್ನು ಬಿಟ್ಟುಬಿಡುತ್ತೇವೆ. ನಗುವವರಲ್ಲಿ ಹೆಚ್ಚಿನವರು ನಟರ ಗೆಳೆಯರು. ದಿನವೂ ಜೊತೆಯಲ್ಲಿ ಓಡಾಡುವವನು ಅಂಟಿಸಿದ ಮೀಸೆಯೊಂದಿಗೆ ಪರದೆಯ ಮೇಲೆ ಬಂದ ಕೂಡಲೇ ಸಭಾಂಗಣ ನಗುತ್ತದೆ, ಅದನ್ನು ಚಿತ್ರದ ಗುಣವೆಂದು ನಿರ್ದೇಶಕರು ಭಾವಿಸುತ್ತಾರೆ. ಅದೇ ಚಿತ್ರವನ್ನು ಪರಿಚಯವೇ ಇಲ್ಲದ ಜನರ ಮುಂದೆ ಹಾಕಿದರೆ ಕೆಮ್ಮು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ವಿದ್ಯಾರ್ಥಿಗಳ ಚಿತ್ರೋತ್ಸವಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆಂದರೆ, ‘ಸೊಗಸು’ ಎಂಬ ಮಾತು ಕೇಳಿದರೆ ನನಗೆ ಅನುಮಾನ ಬರುತ್ತದೆ.

ಚಿತ್ರಕಥೆಗಾರ್ತಿ:
ನಿಮ್ಮ ಪ್ರದರ್ಶನಕ್ಕೆ ಬಂದಿದ್ದವರು ಯಾರು? ಹಿಂದಿನ ಸಾಲಿನವರ ಪ್ರಶ್ನೆಗೆ ಇದರಿಂದಲೇ ಉತ್ತರ ಸಿಗಬಹುದು.

ಮೂರನೇ ಟೇಕ್:
ಸುಮಾರು ಅರ್ಧದಷ್ಟು ಜನ ನಮ್ಮ ಪರಿಚಯದವರು, ಉಳಿದವರು ಬೇರೆ ವಿಭಾಗಗಳಿಂದ ಬಂದಿದ್ದ ಅಪರಿಚಿತರು. ನಮ್ಮ ಉಪನ್ಯಾಸಕರೊಬ್ಬರ ಮಾತಿನ ಧಾಟಿಯನ್ನು ಮಧ್ಯದ ಸಂದರ್ಶಕನ ಪಾತ್ರಕ್ಕೆ ತಂದಿದ್ದೆವು. ಅದಕ್ಕೆ ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಬೇರೆಯವರು ಸುಮ್ಮನೆ ಕುಳಿತಿದ್ದರು. ಬಾಗಿಲಿನ ಘಟನೆಗೆ ಎಲ್ಲರೂ ನಕ್ಕರು.

ಚಿತ್ರಕಥೆಗಾರ್ತಿ:
ಹಾಗಾದರೆ ಉಪನ್ಯಾಸಕರ ಧಾಟಿಯನ್ನು ಕತ್ತರಿಸಿ, ಬಾಗಿಲನ್ನು ಉಳಿಸಿಕೊಳ್ಳಿ. ಹಿಂದಿನ ಸಾಲಿನವರು ಹೇಳಿದ ಕಾಯಿಲೆ ನಿಜವಾದದ್ದೇ, ಆದರೆ ಅದು ಈ ಚಿತ್ರದ ಎಲ್ಲ ಭಾಗಗಳಿಗೂ ತಗುಲಿಲ್ಲ.

ಹಳೆಯ ರೀಲು:
ಈ ವಿಷಯದಲ್ಲಿ ‘ಡಾರ್ಕ್ ಸ್ಟಾರ್’ ಚಿತ್ರದ ಹೆಸರು ಇನ್ನೂ ಬಂದಿಲ್ಲವೆಂಬುದು ಆಶ್ಚರ್ಯ. ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಓಬ್ಯಾನನ್ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 16 ಎಂಎಂ ಫಿಲಂನಲ್ಲಿ ಆರಂಭಿಸಿದ ಈ ಚಿತ್ರ, ದುಡ್ಡು ಸಿಕ್ಕಷ್ಟು ಸಿಕ್ಕಷ್ಟು ಬೆಳೆಯುತ್ತಾ ಹೋಗಿ 1974ರಲ್ಲಿ ಪೂರ್ಣ ಪ್ರಮಾಣದ ಚಿತ್ರವಾಗಿ ಹೊರಬಂತು. ಒಟ್ಟು ವೆಚ್ಚ ಸುಮಾರು 60,000 ಡಾಲರ್ ಎಂದು ಹೇಳಲಾಗುತ್ತದೆ. ಬಾಹ್ಯಾಕಾಶ ನೌಕೆಯೊಂದರಲ್ಲಿ ವರ್ಷಗಟ್ಟಲೆ ಕಳೆದು ಬೇಸತ್ತ ನಾವಿಕರ ಕಥೆ ಅದು. ನೌಕೆಯಲ್ಲಿ ಒಂದು ಅನ್ಯಲೋಕದ ಜೀವಿ ಇರುತ್ತದೆ, ಅದು ಕಡಲತೀರದಲ್ಲಿ ಆಡುವ ಗಾಳಿ ತುಂಬಿದ ಚೆಂಡಿಗೆ ಬಣ್ಣ ಬಳಿದು ಉಗುರಿನ ಪಾದ ಅಂಟಿಸಿದ ಜೀವಿ. ಅದು ಚೆಂಡೆಂಬುದನ್ನು ಮುಚ್ಚಿಡುವ ಪ್ರಯತ್ನವನ್ನೇ ಯಾರೂ ಮಾಡಿಲ್ಲ.

ಆದರೂ ಓಬ್ಯಾನನ್ ನಟಿಸಿದ ಪಾತ್ರ ಆ ಚೆಂಡಿಗೆ ಆಹಾರ ಕೊಡಲು ಹೋಗುವ, ಅದನ್ನು ಗದರಿಸುವ, ಅದರ ಹಿಂದೆ ಓಡಿ ಪ್ರಾಣಾಪಾಯಕ್ಕೆ ಸಿಲುಕುವ ದೃಶ್ಯಗಳಲ್ಲಿ, ಇದು ಚೆಂಡು ಎಂಬ ಅರಿವು ಅವನ ಮುಖದಲ್ಲಿ ಒಂದು ಕ್ಷಣವೂ ಕಾಣುವುದಿಲ್ಲ. ಅವನಿಗೆ ಅದು ಒಂದು ದೊಡ್ಡ ಪೀಡೆ, ಅಷ್ಟೇ. ಇದೇ ಓಬ್ಯಾನನ್ ಮುಂದೆ, ನೌಕೆಯೊಳಗೆ ಅನ್ಯಜೀವಿ ಎಂಬ ಅದೇ ಕಲ್ಪನೆಯನ್ನು ಭಯದ ಕಡೆಗೆ ತಿರುಗಿಸಿ 1979ರ ‘ಏಲಿಯನ್’ ಚಿತ್ರಕ್ಕೆ ಚಿತ್ರಕಥೆ ಬರೆದರು. ಚೆಂಡಿನ ಎದುರು ಅಷ್ಟು ಪ್ರಾಮಾಣಿಕವಾಗಿ ನಟಿಸಿದ ಮನುಷ್ಯನಿಗೆ ಆ ಭಯ ಹೇಗೆ ಕೆಲಸ ಮಾಡುತ್ತದೆಂಬುದು ಗೊತ್ತಿದ್ದರಲ್ಲಿ ಅಚ್ಚರಿಯಿಲ್ಲ.

ಚಿತ್ರಕಥೆಗಾರ್ತಿ:
ಆ ಚಿತ್ರದಲ್ಲಿ ಚೆಂಡಿಗಿಂತಲೂ ನನಗೆ ಪ್ರಿಯವಾದದ್ದು ಬಾಂಬಿನೊಂದಿಗಿನ ಸಂಭಾಷಣೆ. ಮಾತನಾಡಬಲ್ಲ ಬಾಂಬೊಂದು ನೌಕೆಗೇ ಅಂಟಿಕೊಂಡು ಸಿಡಿಯಲು ಸಿದ್ಧವಾಗಿ ನಿಂತಿದೆ. ನಾವಿಕನೊಬ್ಬ ಅದರ ಬಳಿಗೆ ಹೋಗಿ, ನೀನು ಇಂದ್ರಿಯಗಳಿಂದ ತಿಳಿದದ್ದೆಲ್ಲ ನಿಜವೆಂಬುದಕ್ಕೆ ಏನು ಪುರಾವೆ, ಸಿಡಿಯಬೇಕೆಂಬ ಆಜ್ಞೆ ನಿಜವಾಗಿಯೂ ಬಂದಿತ್ತೆಂದು ನಿನಗೆ ಹೇಗೆ ಗೊತ್ತು ಎಂದು ತತ್ತ್ವಶಾಸ್ತ್ರದ ವಾದ ಹೂಡುತ್ತಾನೆ. ಬಾಂಬು ಯೋಚಿಸಲು ಹಿಂದಿರುಗುತ್ತದೆ. ಯೋಚಿಸಿ ಅದು ತಲಪುವ ತೀರ್ಮಾನವನ್ನು ನೋಡದವರಿಗಾಗಿ ಇಲ್ಲಿ ಹೇಳುವುದಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಚಿತ್ರದ ಅತ್ಯಂತ ಸಾಹಸಮಯವಾದ ಆ ಕಲ್ಪನೆಗೆ ಬೇಕಾದದ್ದು ಎರಡು ಧ್ವನಿಗಳು ಮತ್ತು ಚೆನ್ನಾಗಿ ಕಟ್ಟಿದ ವಾದ. ವಿದ್ಯಾರ್ಥಿಗಳ ಬಳಿ ದುಡ್ಡು ಇಲ್ಲದಿರಬಹುದು, ಆದರೆ ಒಂದು ಮಾತನ್ನು ಅದರ ಕೊನೆಯವರೆಗೂ ಎಳೆದು ನೋಡುವ ಬಿಡುವು ಇರುತ್ತದೆ. ಅಸಂಬದ್ಧ ಹಾಸ್ಯಕ್ಕೆ ಬೇಕಾದ ಮುಖ್ಯ ಬಂಡವಾಳ ಆ ಬಿಡುವೇ. ಮೊದಲ ನಿಮಿಷದಲ್ಲಿ ಒಂದು ಅಸಾಧ್ಯವನ್ನು ಪ್ರೇಕ್ಷಕರ ಮುಂದಿಡಬೇಕು, ಆಮೇಲೆ ನಡೆಯುವುದೆಲ್ಲ ಆ ಅಸಾಧ್ಯಕ್ಕೆ ಕಟ್ಟುಬಿದ್ದು ನಡೆಯಬೇಕು. ಬೀರು ಸಂದರ್ಶನಕ್ಕೆ ಬಂದಿದೆ ಎಂಬುದನ್ನು ಒಪ್ಪಿದ ಮೇಲೆ, ಅದರ ಅಂಕಪಟ್ಟಿ ಎಲ್ಲಿದೆ ಎಂದು ಕೇಳುವುದು, ಒಳಗಿನ ಎರಡನೇ ಅರೆಯಲ್ಲಿ ಅದು ಸಿಗುವುದು, ಇವೆಲ್ಲ ತರ್ಕಬದ್ಧವಾದ ನಡೆಗಳು. ಇದ್ದಕ್ಕಿದ್ದಂತೆ ಬೀರು ಎದ್ದು ಕುಣಿದರೆ ತರ್ಕ ಮುರಿಯಿತು, ಅದರೊಡನೆ ನಗುವೂ ಹೋಯಿತು. ಹೆಚ್ಚಿನ ವಿದ್ಯಾರ್ಥಿ ಹಾಸ್ಯಚಿತ್ರಗಳು ಸೋಲುವುದು ಇಲ್ಲಿಯೇ: ಮೂರು ನಿಮಿಷಕ್ಕೊಂದು ಹೊಸ ಅಸಂಬದ್ಧತೆ ತರುತ್ತಾರೆ, ಯಾವುದನ್ನೂ ನಂಬಿ ಮುಂದೆ ನಡೆಸುವುದಿಲ್ಲ.

ತೆರೆಯಾಚೆ:
ಕ್ಷಮಿಸಿ, ಒಂದು ತಕರಾರು ನನ್ನದೂ ಇದೆ. ಕಾರ್ಪೆಂಟರ್ ಮುಂದೆ ದೊಡ್ಡ ನಿರ್ದೇಶಕರಾದರು ಎಂಬ ಕಾರಣಕ್ಕೆ ತಾನೆ ನಾವು ಅವರ ವಿದ್ಯಾರ್ಥಿ ಚಿತ್ರವನ್ನು ಇಂದಿಗೂ ಹುಡುಕಿ ನೋಡುತ್ತಿರುವುದು? ಚೆಂಡಿಗೆ ಬಣ್ಣ ಬಳಿದ ಇತರ ಸಾವಿರಾರು ವಿದ್ಯಾರ್ಥಿಗಳ ಚಿತ್ರಗಳು ಎಲ್ಲಿ ಹೋದವು? ಗೆದ್ದವರ ಆರಂಭವನ್ನು ತೋರಿಸಿ, ಬಡತನವೇ ಪ್ರತಿಭೆಯ ಲಕ್ಷಣವೆಂಬಂತೆ ಹೊಸಬರಿಗೆ ಹೇಳುವುದು ಸರಿಯಲ್ಲ. ಹಣವಿದ್ದಿದ್ದರೆ ಕಾರ್ಪೆಂಟರ್ ಖಂಡಿತ ಒಳ್ಳೆಯ ಅನ್ಯಜೀವಿಯನ್ನೇ ಮಾಡಿಸುತ್ತಿದ್ದರು.

ಹಳೆಯ ರೀಲು:
ಮಾಡಿಸುತ್ತಿದ್ದರು, ಮತ್ತು ಆ ದೃಶ್ಯಗಳು ಇಂದು ಯಾರಿಗೂ ನೆನಪಿರುತ್ತಿರಲಿಲ್ಲ. ಬಡತನ ಪ್ರತಿಭೆಯನ್ನು ಕೊಡುತ್ತದೆಂದು ನಾನು ಹೇಳಿಲ್ಲ. ಚೆಂಡೇ ಗತಿ ಎಂದಾದ ಮೇಲೆ ಅದರ ಎದುರು ಹೇಗೆ ನಿಲ್ಲಬೇಕೆಂಬ ಪ್ರಶ್ನೆ ಏಳುತ್ತದೆ. ಸರಿಯಾಗಿ ನಿಂತವರ ಚಿತ್ರ ಉಳಿಯುತ್ತದೆ. ನಿಮ್ಮ ಸಾವಿರಾರು ಕಳೆದುಹೋದ ಚಿತ್ರಗಳಲ್ಲಿ ಎಷ್ಟರಲ್ಲಿ ನಟರು ಚೆಂಡನ್ನು ನೋಡಿ ಕ್ಯಾಮೆರಾದ ಕಡೆಗೆ ಕಣ್ಣು ಹೊಡೆದಿದ್ದರೋ ಯೋಚಿಸಿ.

ಸುಮ್ಮನೆ ನೋಡುವವ:
ಕೆವಿನ್ ಸ್ಮಿತ್ ಅವರ ‘ಕ್ಲರ್ಕ್ಸ್’ ಕೂಡ ಇದೇ ಸಾಲಿಗೆ ಸೇರುವ ವಿದ್ಯಾರ್ಥಿ ಚಿತ್ರವಲ್ಲವೇ? ಅದರಲ್ಲಿ ಅಂಗಡಿಯ ಶಟರ್ ಇಡೀ ದಿನ ಮುಚ್ಚಿಯೇ ಇರುತ್ತದೆ.

ಸಂಕಲನ ಮೇಜು:
ಅದು ವಿದ್ಯಾರ್ಥಿ ಚಿತ್ರವಲ್ಲ. ಸ್ಮಿತ್ ಚಿತ್ರಶಾಲೆಗೆ ಸೇರಿ ನಡುವೆಯೇ ಬಿಟ್ಟು ಬಂದು, ತಾವು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿಯೇ ಅದನ್ನು ಚಿತ್ರೀಕರಿಸಿದರು. 1994ರಲ್ಲಿ ಬಿಡುಗಡೆಯಾದ ಆ ಚಿತ್ರದ ಮೂಲ ವೆಚ್ಚ 27,575 ಡಾಲರ್. ಆದರೆ ಶಟರ್‌ನ ಉದಾಹರಣೆ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಹಗಲು ಅಂಗಡಿಯಲ್ಲಿ ವ್ಯಾಪಾರ ನಡೆಯುತ್ತಿದ್ದುದರಿಂದ ರಾತ್ರಿ ಚಿತ್ರೀಕರಣ ಮಾಡಬೇಕಿತ್ತು, ಕಥೆಯಾದರೋ ಹಗಲಿನಲ್ಲಿ ನಡೆಯುವಂಥದ್ದು. ಹೊರಗಿನ ಕತ್ತಲು ಕಾಣಬಾರದೆಂದು ಶಟರ್ ಮುಚ್ಚಿದರು, ಬೀಗದ ರಂಧ್ರಕ್ಕೆ ಯಾರೋ ಚೂಯಿಂಗ್ ಗಮ್ ತುರುಕಿದ್ದಾರೆಂದು ಕಥೆಯಲ್ಲಿಯೇ ಒಂದು ಕಾರಣ ಬರೆದರು. ಆಮೇಲೆ ಆ ಮುಚ್ಚಿದ ಶಟರ್ ನಾಯಕನ ದುರದೃಷ್ಟದ ಇನ್ನೊಂದು ಕಂತಾಯಿತು. ಕೊರತೆಯನ್ನು ಕಥೆಯ ಒಳಕ್ಕೆ ತಂದುಕೊಳ್ಳುವುದೆಂದರೆ ಇದು.

ಬೂಮ್ ಹಿಡಿದವರು:
ಎಲ್ಲರೂ ಚಿತ್ರದ ಬಗ್ಗೆಯೇ ಮಾತನಾಡುತ್ತಿದ್ದೀರಿ, ಧ್ವನಿಯ ಬಗ್ಗೆ ಯಾರೂ ಹೇಳಲಿಲ್ಲ. ಕಡಿಮೆ ಖರ್ಚಿನ ಹಾಸ್ಯದಲ್ಲಿ ಮಸುಕಾದ ಚಿತ್ರವನ್ನು ಪ್ರೇಕ್ಷಕರು ಕ್ಷಮಿಸುತ್ತಾರೆ, ರಟ್ಟನ್ನು ಕ್ಷಮಿಸುವುದಷ್ಟೇ ಅಲ್ಲ ಪ್ರೀತಿಸುತ್ತಾರೆ. ಆದರೆ ಮಾತು ಕೇಳಿಸದಿದ್ದರೆ ಅವರು ನಿಮ್ಮನ್ನು ಬಿಟ್ಟು ಹೋದ ಹಾಗೆಯೇ. ಮಾತಿನ ಕೊನೆಯ ಪದದಲ್ಲಿ ನಗು ಇರುತ್ತದೆ, ಆ ಪದವೇ ಫ್ಯಾನಿನ ಸದ್ದಿನಲ್ಲಿ ಮುಳುಗಿದರೆ ಏನು ಉಳಿಯಿತು?

ನಿಮ್ಮ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು ಎಂದಿದ್ದೀರಿ. “ಹಿಂದಿನ ಕೆಲಸವನ್ನು ಏಕೆ ಬಿಟ್ಟಿರಿ?” ಎಂಬ ಮಾತು ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸುತ್ತದೆಯೇ? ಕೇಳಿಸದಿದ್ದರೆ ರೀಶೂಟ್ ಬೇಕಿಲ್ಲ, ಡಬ್ಬಿಂಗ್ ಸಾಕು. ಅದೇ ಕೋಣೆಗೆ ಹೋಗಿ, ಫ್ಯಾನು ಆರಿಸಿ, ಅದೇ ನಟಿಯನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಮಾತುಗಳನ್ನು ಮತ್ತೆ ಹೇಳಿಸಿ, ಮೈಕನ್ನು ಬಾಯಿಯ ಹತ್ತಿರ ಹಿಡಿಯಿರಿ. ಯಾರೂ ಮಾತನಾಡದೆ ಅದೇ ಕೋಣೆಯ ಮೌನವನ್ನೂ ಒಂದು ನಿಮಿಷ ಮುದ್ರಿಸಿಕೊಂಡು ಮಾತುಗಳ ಕೆಳಗೆ ಹಾಸಿ. ಇಲ್ಲವಾದರೆ ಪ್ರತಿ ಮಾತೂ ಬೇರೆ ಬೇರೆ ಕೋಣೆಯಿಂದ ಬಂದಂತೆ ಕೇಳಿಸುತ್ತದೆ. ಬಾಗಿಲು ಬಾಗುವಾಗ ಬರುವ ರಟ್ಟಿನ ಸದ್ದನ್ನು ಮಾತ್ರ ತೆಗೆಯಬೇಡಿ. ಅಲ್ಲಿ ಉಕ್ಕಿನ ಕಿರ್ರೆಂಬ ಸದ್ದು ಸೇರಿಸೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಗಟ್ಟಿಯಾಗಿ ವಿರೋಧಿಸಿ.

ಕಲಾ ವಿಭಾಗ:
ಉಕ್ಕಿನ ಸದ್ದು ಏಕೆ ಬೇಡ? ಕಾಣುವುದು ರಟ್ಟು, ಕೇಳುವುದು ಉಕ್ಕು ಎಂದಾದರೆ ಅದೇ ಒಂದು ಹಾಸ್ಯವಾಗುತ್ತದೆ.

ಬೂಮ್ ಹಿಡಿದವರು:
ಆಗುತ್ತದೆ, ಆದರೆ ಆಗ ಹಾಸ್ಯ ಮಾಡುತ್ತಿರುವವರು ಸಂಕಲನದ ಮೇಜಿನಲ್ಲಿ ಕುಳಿತವರು. ಸಂದರ್ಶಕಿಯ ಕೈ ಮಾಡಿದ ಕೆಲಸದ ಮೇಲೆ ಅವರು ತಮ್ಮ ಸಹಿ ಹಾಕಿದಂತಾಗುತ್ತದೆ.

ಕಲಾ ವಿಭಾಗ:
ಸರಿ, ಆ ಮಾತನ್ನು ಒಪ್ಪುತ್ತೇನೆ. ಆದರೆ ರಟ್ಟಿನ ಬಗ್ಗೆ ನನಗೂ ಹೇಳಬೇಕಾದದ್ದಿದೆ. ಇತ್ತೀಚೆಗೆ ಬೇಕೆಂದೇ ಕಳಪೆಯಾಗಿ ಮಾಡುವ ಚಾಳಿಯೊಂದು ಬೆಳೆದಿದೆ. ಕೈಯಲ್ಲಿರುವ ಫೋನಿನಲ್ಲಿಯೇ ಕಣ್ಣು ಕುಕ್ಕುವಷ್ಟು ಸ್ಪಷ್ಟವಾದ ಚಿತ್ರ ತೆಗೆಯಬಹುದಾದ ಕಾಲದಲ್ಲಿ, ಹಳೆಯ ಟೇಪಿನ ಗೆರೆಗಳನ್ನು ಫಿಲ್ಟರ್‌ನಿಂದ ಸೇರಿಸುತ್ತಾರೆ, ಮೀಸೆಯನ್ನು ಬೇಕೆಂದೇ ವಾರೆಯಾಗಿ ಅಂಟಿಸುತ್ತಾರೆ, ಮೈಕನ್ನು ಬೇಕೆಂದೇ ಶಾಟ್‌ನೊಳಕ್ಕೆ ಇಳಿಬಿಡುತ್ತಾರೆ. ನೋಡುವವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ, ಏಕೆಂದರೆ ಆ ಕೊರತೆಗಳ ಎದುರು ಯಾರೂ ಏನನ್ನೂ ಹೋರಾಡಿ ಉಳಿಸಿಕೊಳ್ಳುತ್ತಿಲ್ಲ.

ಕಾಸಿಲ್ಲದ ಕಲಾ ವಿಭಾಗದ ನಿಜವಾದ ಕೆಲಸ ಹಾಗಿರುವುದಿಲ್ಲ. ರಟ್ಟಿನ ಬೀರು ಮಾಡುವಾಗ ಅದರ ಹಿಡಿಕೆಗೆ ಎಷ್ಟು ಹೊತ್ತು ಕಳೆಯುತ್ತೇವೆ! ಮೂಲೆಗಳು ಚೂಪಾಗಿ ನಿಲ್ಲಲೆಂದು ಒಳಗೆ ಪಟ್ಟಿ ಅಂಟಿಸುತ್ತೇವೆ, ಬೂದು ಬಣ್ಣದ ಮೇಲೆ ಒಣಗಿದ ಬ್ರಷ್‌ನಿಂದ ಕಪ್ಪು ಎಳೆದು ಗೀರುಗಳನ್ನು ಮೂಡಿಸುತ್ತೇವೆ, ಬೀಗದ ಕಣ್ಣಿನ ಸುತ್ತ ಕೈಯ ಜಿಡ್ಡು ಹತ್ತಿದಂತೆ ಒಂದು ಕಲೆ ಹಾಕುತ್ತೇವೆ. ಇಷ್ಟೆಲ್ಲ ಮಾಡಿದ ಮೇಲೂ ಅದು ರಟ್ಟು ಎಂಬುದು ಕಾಣುತ್ತದೆ. ಆ ಇಷ್ಟೆಲ್ಲವೂ ಕಾಣುತ್ತದೆ. ಪ್ರೇಕ್ಷಕರ ಮನಸ್ಸು ಕರಗುವುದು ಇದಕ್ಕೆ. ಮೂರನೇ ಟೇಕ್ ಅವರೇ, ನಿಮ್ಮ ಬೀರುವಿಗೆ ಹಿಡಿಕೆ ಇದೆಯೇ?

ಮೂರನೇ ಟೇಕ್:
ಇದೆ. ಬಾಟಲಿಯ ಮುಚ್ಚಳ ಮತ್ತು ದಪ್ಪ ತಂತಿಯಿಂದ ಮಾಡಿದ್ದು, ತಿರುಗಿಸಿದರೆ ತಿರುಗುತ್ತದೆ. ಆದರೆ ಅದನ್ನು ತಿರುಗಿಸುವ ದೃಶ್ಯ ಚಿತ್ರದಲ್ಲಿ ಎಲ್ಲಿಯೂ ಇಲ್ಲ.

ಕಲಾ ವಿಭಾಗ:
ತಿರುಗಿಸುವ ಅಗತ್ಯವಿಲ್ಲದಿದ್ದರೂ ತಿರುಗುವ ಹಿಡಿಕೆ ಮಾಡಿದ್ದೀರಿ. ನಿಮ್ಮ ಬೀರುವನ್ನು ಮಾಡಿದವರಿಗೆ ನನ್ನ ನಮಸ್ಕಾರ ತಿಳಿಸಿ.

ತೆರೆಯಾಚೆ:
ಬೇಕೆಂದೇ ಕಳಪೆಯಾಗಿ ಮಾಡಿದ್ದು ಗೆಲ್ಲುವುದಿಲ್ಲವೆಂದರೆ ‘ಒನ್ ಕಟ್ ಆಫ್ ದಿ ಡೆಡ್’ ಚಿತ್ರದ ಬಗ್ಗೆ ಏನು ಹೇಳುತ್ತೀರಿ? ಶಿನಿಚಿರೊ ಉಯೆಡಾ ನಿರ್ದೇಶಿಸಿದ 2017ರ ಆ ಜಪಾನಿ ಚಿತ್ರ ಹುಟ್ಟಿದ್ದು ಒಂದು ತರಬೇತಿ ಶಾಲೆಯ ಕಾರ್ಯಾಗಾರದಲ್ಲಿ, ನಟರಲ್ಲಿ ಬಹುತೇಕರು ಹೆಸರೇ ಕೇಳಿಲ್ಲದವರು, ವೆಚ್ಚ ಸುಮಾರು 30 ಲಕ್ಷ ಯೆನ್. 2018ರಲ್ಲಿ ಎರಡು ಚಿತ್ರಮಂದಿರಗಳಲ್ಲಿ ಆರಂಭವಾದ ಪ್ರದರ್ಶನ ಬಾಯಿಂದ ಬಾಯಿಗೆ ಹರಡಿ ನೂರಾರು ಚಿತ್ರಮಂದಿರಗಳನ್ನು ತಲಪಿ, ಗಳಿಕೆ 300 ಕೋಟಿ ಯೆನ್ ದಾಟಿತು. ಅದರ ಮೊದಲ 37 ನಿಮಿಷಗಳ ಒಂದೇ ಶಾಟ್ ಬೇಕೆಂದೇ ಎಡವುತ್ತದೆ: ನಟರು ಅಕಾರಣವಾಗಿ ಮೌನವಾಗುತ್ತಾರೆ, ಕ್ಯಾಮೆರಾ ನೆಲಕ್ಕೆ ಬಿದ್ದು ಹಾಗೆಯೇ ಇರುತ್ತದೆ.

ಸಂಕಲನ ಮೇಜು:
ಚಿತ್ರವನ್ನು ನೋಡದವರು ಈ ಪ್ರತಿಕ್ರಿಯೆಯನ್ನು ಬಿಟ್ಟು ಮುಂದಕ್ಕೆ ಹೋಗಬೇಕೆಂದು ವಿನಂತಿ, ಏಕೆಂದರೆ ಚಿತ್ರದ ಗುಟ್ಟನ್ನು ಹೇಳದೆ ಉತ್ತರ ಕೊಡಲು ಸಾಧ್ಯವಿಲ್ಲ.

ಆ 37 ನಿಮಿಷಗಳು ಕಥೆಯೊಳಗೆ ಟಿವಿಯ ಒಂದು ನೇರಪ್ರಸಾರ. ಅದರಲ್ಲಿ ಕಂಡ ಪ್ರತಿಯೊಂದು ಎಡವಟ್ಟಿನ ಹಿಂದೆ ಏನಾಗಿತ್ತು ಎಂಬುದನ್ನು ಚಿತ್ರದ ಕೊನೆಯ ಭಾಗ ತೋರಿಸುತ್ತದೆ. ನಟರು ಮೌನವಾದದ್ದು ತೆರೆಮರೆಯಲ್ಲಿ ಒಂದು ಅನಾಹುತ ನಡೆದಿತ್ತೆಂಬ ಕಾರಣಕ್ಕೆ, ಅವರು ಏನೇನೋ ಮಾತನಾಡಿದ್ದು ಆ ಅನಾಹುತ ಸರಿಹೋಗುವವರೆಗೆ ನೇರಪ್ರಸಾರ ನಿಲ್ಲಬಾರದೆಂಬ ಕಾರಣಕ್ಕೆ. ಅಂದರೆ ಆ ಚಿತ್ರ ಕಳಪೆತನವನ್ನು ಅಣಕಿಸುವುದಿಲ್ಲ. ಕ್ರೇನ್ ಮುರಿದು ಬಿದ್ದಾಗ ಕೊನೆಯ ಶಾಟ್‌ಗಾಗಿ ತಂಡದವರೆಲ್ಲ ಸೇರಿ ಒಬ್ಬರ ಮೇಲೊಬ್ಬರು ಹತ್ತಿ ಮಾನವ ಗೋಪುರ ಕಟ್ಟುವುದನ್ನು ನೋಡಿ ಜನ ನಗುತ್ತಲೇ ಕಣ್ಣೊರೆಸಿಕೊಂಡರು. ಬೀರುವಿನ ಬಾಗಿಲನ್ನು ಹಿಡಿದ ಕೈಗೂ ಆ ಗೋಪುರಕ್ಕೂ ಸಂಬಂಧ ಕಾಣಿಸುತ್ತಿಲ್ಲವೇ? ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನೇ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ತೆರೆಯಾಚೆ:
ಅದು ನ್ಯಾಯವಾದ ಮಾತು. ಆದರೆ ಆ ಎಡವುಗಳನ್ನು ಅಷ್ಟು ನಿಖರವಾಗಿ ಹೆಣೆಯಲು ಅಪಾರ ಕುಶಲತೆ ಬೇಕು, ಅದನ್ನು ಮರೆಯಬೇಡಿ. ಆಕಸ್ಮಿಕದ ಮೇಲೆ ಭಾರ ಹಾಕಿ ಕೂರಬಾರದೆಂಬುದು ನನ್ನ ಮೊದಲಿನಿಂದಲೂ ಇರುವ ವಾದ.

ನಾಟ್ಯಧರ್ಮಿ:
ನೀವೆಲ್ಲ ಸುತ್ತಿ ಬಂದ ಜಾಗಕ್ಕೆ ಭರತನ ನಾಟ್ಯಶಾಸ್ತ್ರದಲ್ಲಿ ನೇರ ದಾರಿಯಿದೆ. ಆರನೆಯ ಅಧ್ಯಾಯದಲ್ಲಿ ಹಾಸ್ಯರಸಕ್ಕೆ ಕಾರಣವಾಗುವ ವಿಭಾವಗಳನ್ನು ಹೇಳುವಾಗ ವಿಕೃತವಾದ ವೇಷ ಮತ್ತು ಅಲಂಕಾರಗಳ ಜೊತೆಗೆ ಅಸಂಬದ್ಧವಾದ ಮಾತನ್ನೂ ಭರತ ಸೇರಿಸುತ್ತಾನೆ. ಹಾಸ್ಯ ಎರಡು ಬಗೆ ಎನ್ನುತ್ತಾನೆ: ತಾನೇ ನಗುವುದು ಆತ್ಮಸ್ಥ, ಇನ್ನೊಬ್ಬರನ್ನು ನಗಿಸುವುದು ಪರಸ್ಥ. ವಿದ್ಯಾರ್ಥಿ ಚಿತ್ರಗಳಲ್ಲಿ ನಟರು ತುಟಿಯಂಚಿನಲ್ಲಿ ನಗು ಅದುಮಿಕೊಂಡು ನಿಂತಿರುವುದನ್ನು ನೋಡಿದಾಗಲೆಲ್ಲ ನನಗೆ ಈ ವಿಭಾಗ ನೆನಪಿಗೆ ಬರುತ್ತದೆ. ಪಾತ್ರ ನಗುವುದು ಬೇರೆ, ಪಾತ್ರದ ಒಳಗಿನ ಹುಡುಗ ನಗುವುದು ಬೇರೆ. ಎರಡನೆಯದು ನಡೆದ ಕೂಡಲೇ ನಮ್ಮ ಪಾಲಿನ ನಗುವನ್ನು ಅವನೇ ನಕ್ಕು ಮುಗಿಸಿದಂತಾಗುತ್ತದೆ.

ಅದೇ ಗ್ರಂಥದಲ್ಲಿ ಲೋಕಧರ್ಮಿ, ನಾಟ್ಯಧರ್ಮಿ ಎಂಬ ಇನ್ನೊಂದು ವಿಭಾಗವಿದೆ. ಲೋಕದಲ್ಲಿ ಇದ್ದುದನ್ನು ಇದ್ದಂತೆಯೇ ತೋರಿಸುವುದು ಒಂದು, ರಂಗದ ಸಂಕೇತಗಳ ಮೂಲಕ ತೋರಿಸುವುದು ಇನ್ನೊಂದು. ಕೋಲೊಂದನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಓಡುವ ಮಗುವಿಗೆ ಕುದುರೆ ಸಿಗುವಂತೆ, ರಟ್ಟು ಕೂಡ ನೋಡುವವರ ಒಪ್ಪಿಗೆಯಿಂದ ಬೀರುವಾಗುತ್ತದೆ. ಆ ಒಪ್ಪಿಗೆಯನ್ನು ಕೊಟ್ಟವರು ಚಿತ್ರದಲ್ಲಿ ಪಾಲುದಾರರಾಗುತ್ತಾರೆ. ಉಕ್ಕಿನ ಬೀರು ತಂದು ನಿಲ್ಲಿಸಿದರೆ ಅವರ ಒಪ್ಪಿಗೆಯನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.

ಹಿಂದಿನ ಸಾಲು:
ರಂಗಭೂಮಿಗೆ ಸಲ್ಲುವ ಮಾತನ್ನು ಕ್ಯಾಮೆರಾಗೆ ಹಾಗೆಯೇ ಅನ್ವಯಿಸಬಹುದೇ? ರಂಗದ ಮೇಲೆ ಎಲ್ಲವೂ ಸಂಕೇತವಾದ್ದರಿಂದ ರಟ್ಟು ಸಹಜವಾಗಿ ಸೇರಿಕೊಳ್ಳುತ್ತದೆ. ಕ್ಯಾಮೆರಾ ಹಾಗಲ್ಲ. ಅದು ನಿಜವಾದ ಗೋಡೆ, ನಿಜವಾದ ಕಿಟಕಿ, ನಿಜವಾದ ಮುಖಗಳನ್ನು ತೋರಿಸುತ್ತದೆ, ಅವುಗಳ ನಡುವೆ ರಟ್ಟು ಮಾತ್ರ ಸುಳ್ಳು ಹೇಳುತ್ತಾ ನಿಂತಿರುತ್ತದೆ.

ನಾಟ್ಯಧರ್ಮಿ:
ನೀವು ಹೇಳಿದ್ದು ಸರಿಯಾಗಿದೆ, ಮತ್ತು ಸಿನಿಮಾದಲ್ಲಿ ಇದು ರಂಗಕ್ಕಿಂತಲೂ ಹೆಚ್ಚು ನಗು ತರಿಸುವುದಕ್ಕೆ ಅದೇ ಕಾರಣ. ನಿಜವಾದ ಗೋಡೆಯ ಪಕ್ಕದಲ್ಲಿ ನಿಂತ ರಟ್ಟಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನಿಜವಾದ ಮುಖವುಳ್ಳ ಸಂದರ್ಶಕಿ ತನ್ನ ನಿಜವಾದ ಕೈಯಿಂದ ಅದರ ಮಾನ ಕಾಯಬೇಕಾಗುತ್ತದೆ.

ಹಿಂದಿನ ಸಾಲು:
ಇದನ್ನು ಒಪ್ಪಬಹುದು. ಅಪರಿಚಿತರು ನಕ್ಕಿದ್ದಾರೆಂಬ ಕಾರಣಕ್ಕೆ ಒಪ್ಪುತ್ತಿದ್ದೇನೆ, ಭರತನ ಹೆಸರು ಬಂತೆಂದು ಅಲ್ಲ.

ಸುಮ್ಮನೆ ನೋಡುವವ:
ಆಕಸ್ಮಿಕಗಳ ವಿಷಯ ಬಂದದ್ದರಿಂದ ಕೇಳುತ್ತೇನೆ: ‘ಅಟ್ಯಾಕ್ ಆಫ್ ದಿ ಕಿಲ್ಲರ್ ಟೊಮೇಟೋಸ್’ ಚಿತ್ರದಲ್ಲಿ ಹೆಲಿಕಾಪ್ಟರ್ ನೆಲಕ್ಕೆ ಬಿದ್ದು ಉರಿಯುವುದು ನಿಜವಾದ ಅಪಘಾತವೆಂದು ಕೇಳಿದ್ದೇನೆ, ಹೌದೇ?

ಹಳೆಯ ರೀಲು:
ಹೌದು. ಜಾನ್ ಡಿಬೆಲ್ಲೊ ನಿರ್ದೇಶನದ ಆ ಚಿತ್ರ ಮೊದಲು ಸೂಪರ್ 8 ಎಂಬ ಕಿರಿದಾದ ಫಿಲಂನಲ್ಲಿ ತೆಗೆದ ಕಿರುಚಿತ್ರವಾಗಿದ್ದು, 1978ರಲ್ಲಿ ಪೂರ್ಣ ಚಿತ್ರವಾಗಿ ಬಂತು. ಇಳಿಯುವಾಗ ಹೆಲಿಕಾಪ್ಟರ್‌ನ ಬಾಲದ ರೆಕ್ಕೆ ನೆಲಕ್ಕೆ ತಗುಲಿ ಅದು ಉರುಳಿತು, ಕ್ಯಾಮೆರಾ ಓಡುತ್ತಲೇ ಇತ್ತು, ಆ ದೃಶ್ಯವನ್ನು ಚಿತ್ರದಲ್ಲಿಯೇ ಉಳಿಸಿಕೊಂಡರು. ಜೀವಹಾನಿಯಾಗಲಿಲ್ಲ. ಆದರೆ ಇದನ್ನು ಅದೃಷ್ಟದ ಕಥೆಯಂತೆ ಹೇಳುವುದು ನನಗೆ ಹಿಡಿಸುವುದಿಲ್ಲ. ವಿದ್ಯಾರ್ಥಿಗಳು ತಮ್ಮ ಚಿತ್ರಗಳಿಗಾಗಿ ಓಡುವ ವಾಹನದ ಮೇಲೆ ಹತ್ತುವುದು, ತಾರಸಿಯ ಅಂಚಿನಲ್ಲಿ ನಿಲ್ಲುವುದು, ನಿಜವಾದ ಬೆಂಕಿ ಹಚ್ಚುವುದು, ಇವೆಲ್ಲ ಇಂತಹ ಕಥೆಗಳನ್ನು ಕೇಳಿಯೇ. ರಟ್ಟಿನ ಬಾಗಿಲು ಬಾಗುವುದು ಎಂತಹ ಆಕಸ್ಮಿಕವೆಂದರೆ, ಅದರಿಂದ ಯಾರಿಗೂ ಗಾಯವಾಗುವುದಿಲ್ಲ. ಹಾಸ್ಯಚಿತ್ರಕ್ಕೆ ಅಷ್ಟು ಅಪಾಯ ಸಾಕು.

ಬೂಮ್ ಹಿಡಿದವರು:
ಇದನ್ನು ಎಲ್ಲ ಕಾಲೇಜುಗಳ ಗೋಡೆಯ ಮೇಲೆ ಬರೆಸಬೇಕು.

ಸಂಕಲನ ಮೇಜು:
ಚಿತ್ರದ ಉದ್ದ ಎಷ್ಟು? ಇದನ್ನು ಯಾರೂ ಕೇಳಲಿಲ್ಲ.

ಮೂರನೇ ಟೇಕ್:
19 ನಿಮಿಷ.

ಸಂಕಲನ ಮೇಜು:
ಹೆಚ್ಚಾಯಿತು. ಸೂಪರ್ 8 ಕಾಲದಲ್ಲಿ ಒಂದು ಕಾರ್ಟ್ರಿಜ್‌ನಲ್ಲಿ ಇರುತ್ತಿದ್ದುದು 50 ಅಡಿ ಫಿಲಂ. ಸೆಕೆಂಡಿಗೆ 18 ಫ್ರೇಮ್‌ಗಳಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡಿನಲ್ಲಿ ಅದು ಮುಗಿದುಹೋಗುತ್ತಿತ್ತು. ಆಗಿನ ವಿದ್ಯಾರ್ಥಿಗಳು ಫಿಲಂ ಉಳಿಸಲೆಂದು ಮೊದಲೇ ಅಭ್ಯಾಸ ಮಾಡುತ್ತಿದ್ದರು, ಬೇಡದ ಮಾತನ್ನು ಚಿತ್ರೀಕರಣಕ್ಕೆ ಮೊದಲೇ ಹೊಡೆದುಹಾಕುತ್ತಿದ್ದರು. ಈಗ ಫಿಲಂ ಖರ್ಚಿಲ್ಲವಾದ್ದರಿಂದ ಎಲ್ಲವನ್ನೂ ತೆಗೆಯುತ್ತೇವೆ, ತೆಗೆದದ್ದರ ಮೇಲೆ ಮೋಹ ಬೆಳೆಯುತ್ತದೆ. ಒಂದೇ ಅಸಂಬದ್ಧ ಕಲ್ಪನೆಯ ಮೇಲೆ ನಿಂತ ಚಿತ್ರಕ್ಕೆ 11 ಅಥವಾ 12 ನಿಮಿಷ ಧಾರಾಳ. ಬೀರು ಒಳಬರುವ ಮೊದಲು ಎಷ್ಟು ಹೊತ್ತು ಹಿಡಿಯುತ್ತದೆ?

ಮೂರನೇ ಟೇಕ್:
ನಾಲ್ಕು ನಿಮಿಷ. ಕಚೇರಿಯನ್ನು ಪರಿಚಯಿಸುವ ದೃಶ್ಯಗಳಿವೆ, ಉಪನ್ಯಾಸಕರ ಧಾಟಿಯ ಹೆಚ್ಚಿನ ಭಾಗವೂ ಅಲ್ಲಿಯೇ ಇದೆ.

ಚಿತ್ರಕಥೆಗಾರ್ತಿ:
ನಾಲ್ಕು ನಿಮಿಷವನ್ನೂ ತೆಗೆದುಬಿಡಿ. “ಮುಂದಿನವರನ್ನು ಕಳುಹಿಸಿ” ಎಂಬ ಮಾತಿನಿಂದ ಆರಂಭಿಸಿ, ಬಾಗಿಲಲ್ಲಿ ಬೀರು ಕಾಣಲಿ. ಕಚೇರಿ ಹೇಗಿದೆಯೆಂಬುದು ಅವರು ಬೀರುವನ್ನು ನಡೆಸಿಕೊಳ್ಳುವ ರೀತಿಯಿಂದಲೇ ತಿಳಿಯುತ್ತದೆ.

ಮೂರನೇ ಟೇಕ್:
ತಂಡದವರಿಗೆ ಈ ಚರ್ಚೆಯನ್ನು ಓದಿಸಿದೆ. ರೀಶೂಟ್ ಕೈಬಿಟ್ಟಿದ್ದೇವೆ. ಮೊದಲ ನಾಲ್ಕು ನಿಮಿಷಗಳನ್ನು ತೆಗೆಯಲು ಮಧ್ಯದ ಸಂದರ್ಶಕನ ಪಾತ್ರಧಾರಿಯೇ ಮೊದಲು ಒಪ್ಪಿದನು, ಅದು ಅವನ ಅತಿ ದೊಡ್ಡ ದೃಶ್ಯವಾಗಿದ್ದರೂ. ಸಂದರ್ಶಕಿಯ ಮಾತುಗಳನ್ನು ಅದೇ ಕೋಣೆಯಲ್ಲಿ ಡಬ್ಬಿಂಗ್ ಮಾಡುತ್ತೇವೆ. ಒಂದೇ ಗೊಂದಲ ಉಳಿದಿದೆ: ಸೋತ ಅಭ್ಯರ್ಥಿ ದೂರು ಬರೆಯುವ ಕೊನೆಯ ದೃಶ್ಯ. ಅದಕ್ಕೆ ಪ್ರದರ್ಶನದಲ್ಲಿ ಅಷ್ಟಾಗಿ ನಗು ಬರಲಿಲ್ಲ. ತೆಗೆಯಬೇಕೆ?

ಹಿಂದಿನ ಸಾಲು:
ಆ ದೃಶ್ಯದಲ್ಲಿ ಅವನು ಏನು ಮಾಡುತ್ತಾನೆ?

ಮೂರನೇ ಟೇಕ್:
ದೂರನ್ನು ಜೋರಾಗಿ ಓದುತ್ತಾ ಬರೆಯುತ್ತಾನೆ, ಸಿಟ್ಟಿನಲ್ಲಿ ಕಾಗದ ಹರಿಯುತ್ತಾನೆ, ಪೆನ್ನು ಎಸೆಯುತ್ತಾನೆ, ಹಿನ್ನೆಲೆಯಲ್ಲಿ ತಮಾಷೆಯ ಸಂಗೀತವಿದೆ.

ಚಿತ್ರಕಥೆಗಾರ್ತಿ:
ದೃಶ್ಯ ಇರಲಿ, ಹರಿಯುವುದು, ಎಸೆಯುವುದು ಮತ್ತು ಸಂಗೀತ ಬೇಡ. ಈ ಚಿತ್ರದಲ್ಲಿ ನಿಜವಾಗಿ ಅನ್ಯಾಯವಾಗಿರುವುದು ಅವನೊಬ್ಬನಿಗೆ. ಅವನು ಚೆನ್ನಾಗಿ ಓದಿದ್ದಾನೆ, ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟಿದ್ದಾನೆ, ಒಂದೆರಡು ಕಡೆ ತಪ್ಪಿದ್ದಾನೆ, ಸುಮ್ಮನಿದ್ದವರಿಗೆ ಕೆಲಸ ಸಿಕ್ಕಿದೆ. ಅವನು ಮೇಜಿನ ಮುಂದೆ ಕುಳಿತು, ಒಂದೇ ಶಾಟ್‌ನಲ್ಲಿ, ಶಾಂತವಾಗಿ, ಒಳ್ಳೆಯ ಕಚೇರಿ ಭಾಷೆಯಲ್ಲಿ ತನ್ನ ದೂರನ್ನು ಪೂರ್ತಿಯಾಗಿ ಬರೆಯಲಿ. ಬೀರುವಿನ ಬಗ್ಗೆ ಕೆಟ್ಟ ಮಾತು ಒಂದೂ ಇರಬಾರದು. ಅದರ ಅರ್ಹತೆಯನ್ನು ಅವನು ಗೌರವದಿಂದಲೇ ಪ್ರಶ್ನಿಸಬೇಕು. ದೂರು ನಿಮಿಷದೊಳಗೆ ಮುಗಿದರೆ ಸಾಕು, ಅವನು ಸಹಿ ಹಾಕಿದ ಕೂಡಲೇ ಕತ್ತರಿಸಿ. ಇದೊಂದು ದೃಶ್ಯವನ್ನು ಮಾತ್ರ ಹೊಸದಾಗಿ ಚಿತ್ರೀಕರಿಸಿ, ಆದರೆ ಹಳೆಯ ಕ್ಯಾಮೆರಾದಲ್ಲಿಯೇ, ಇಲ್ಲವಾದರೆ ಬಣ್ಣ ಹೊಂದುವುದಿಲ್ಲ.

ಮೂರನೇ ಟೇಕ್:
ದೂರನ್ನು ಇಂದು ರಾತ್ರಿಯೇ ಬರೆಯಲು ಕುಳಿತುಕೊಳ್ಳುತ್ತೇನೆ. ಬರೆದ ಮೇಲೆ ಇಲ್ಲಿಯೇ ಹಾಕುತ್ತೇನೆ, ಎಲ್ಲರೂ ತಿದ್ದಿ.